ಔಟ್‌ಬೋರ್ಡ್ ಮೋಟಾರಿನ ಸ್ಟೀರಿಂಗ್ ಬಿಗಿತ

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿದ ಔಟ್‌ಬೋರ್ಡ್ ಮೋಟಾರು ಎಡಕ್ಕೂ ಬಲಕ್ಕೂ ಸುಲಭವಾಗಿ ಹೊರಳದಿರುವ ಸ್ಥಿತಿಯನ್ನು ಸ್ಟೀರಿಂಗ್ ಬಿಗಿತ ಎನ್ನುತ್ತಾರೆ. ಇಂತಹ ದೋಣಿಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಚುಕ್ಕಾಣಿ ಇರುವುದಿಲ್ಲ. ಇಡೀ ಮೋಟಾರೇ ತಿರುಗಿ, ಪ್ರೊಪೆಲ್ಲರು ನೀರನ್ನು ತಳ್ಳುವ ದಿಕ್ಕು ಬದಲಾಗುವುದರಿಂದ ದೋಣಿ ತಿರುಗುತ್ತದೆ. ಆದುದರಿಂದ ಬಿಗಿತ ಹೆಚ್ಚಿದಂತೆ ದೋಣಿಯ ಮೇಲಿನ ಹತೋಟಿಯೇ ತಪ್ಪುತ್ತದೆ. ಸಮುದ್ರದಲ್ಲಿ ಓಡುವ ದೋಣಿಗಳಲ್ಲಿ ಉಪ್ಪುನೀರಿನ ತುಕ್ಕು ಇದಕ್ಕೆ ಮುಖ್ಯ ಕಾರಣ. ಸಿಹಿನೀರಿನಲ್ಲಿ ಆ ಕಾಟ ಕಡಿಮೆ. ಅಲ್ಲಿ ಬಳಕೆಯಿಲ್ಲದೆ ನಿಂತ ಮೋಟಾರಿನೊಳಗೆ ಗಟ್ಟಿಯಾದ ಹಳೆಯ ಗ್ರೀಸೇ ಹೆಚ್ಚಿನ ತೊಂದರೆ ಕೊಡುತ್ತದೆ.

ಶಿವಮೊಗ್ಗ–ಭದ್ರಾವತಿ ಪರಿಸರದಲ್ಲಿ

ಶಿವಮೊಗ್ಗ ನಗರ ತುಂಗಾ ನದಿಯ ದಡದಲ್ಲಿಯೂ ಭದ್ರಾವತಿ ಭದ್ರಾ ನದಿಯ ದಡದಲ್ಲಿಯೂ ಇವೆ. ಭದ್ರಾವತಿಯಿಂದ ನದಿಯ ಮೇಲ್ಭಾಗದಲ್ಲಿ, ಲಕ್ಕವಳ್ಳಿಯ ಬಳಿ ಭದ್ರಾ ಜಲಾಶಯವಿದೆ. ಅದರ ಪೂರ್ಣಮಟ್ಟ 186 ಅಡಿ. ಬೇಸಿಗೆಯಲ್ಲಿ ನೀರು ಇಳಿದಂತೆ ಜಲಾಶಯದ ನಡುಗಡ್ಡೆಗಳು ತೆರೆದುಕೊಳ್ಳುತ್ತವೆ. ರಿವರ್ ಟರ್ನ್ ಹಕ್ಕಿಗಳು ಅಲ್ಲಿ ಮೊಟ್ಟೆಯಿಡುತ್ತವೆ, ಪ್ರವಾಸಿಗರ ದೋಣಿಗಳೂ ಅದೇ ನೀರಿನಲ್ಲಿ ಓಡಾಡುತ್ತವೆ. ಮುಳುಗಿದ ಮರಗಳ ಬೊಡ್ಡೆಗಳು ಮೇಲೆ ಕಾಣಿಸಿಕೊಳ್ಳುವ ಕಾಲವೂ ಅದೇ. ಬೊಡ್ಡೆಯೊಂದು ಎದುರಾದಾಗ ದೋಣಿ ತಕ್ಷಣ ತಿರುಗಬೇಕಾಗುತ್ತದೆ.

ನೆರೆ ರಕ್ಷಣಾ ದೋಣಿಗಳ ಸ್ಥಿತಿ ಇದಕ್ಕೆ ತದ್ವಿರುದ್ಧ. 2019ರ ಆಗಸ್ಟ್‌ನಲ್ಲಿ ತುಂಗೆಯ ನೆರೆ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿತ್ತು. ಇಂತಹ ಸಂದರ್ಭಗಳಿಗೆಂದು ಇರಿಸುವ ಗಾಳಿ ತುಂಬುವ ದೋಣಿಗಳ ಮೋಟಾರುಗಳು, ರಕ್ಷಣಾ ಸಿಬ್ಬಂದಿಯ ಮಾತಿನಲ್ಲಿ ‘ಓಬಿಎಂ’ಗಳು, ವರ್ಷದ ಬಹುಪಾಲು ಉಗ್ರಾಣದಲ್ಲಿ ಉಳಿಯುವುದುಂಟು. ಎಂಜಿನನ್ನು ಆಗಾಗ ಚಾಲೂ ಮಾಡಿ ನೋಡಿದರೂ ಮೋಟಾರನ್ನು ಎರಡೂ ಬದಿಗೆ ಪೂರ್ತಿ ಹೊರಳಿಸಿ ನೋಡದಿದ್ದರೆ ಬಿಗಿತ ಗೊತ್ತಾಗುವುದು ಹರಿಯುವ ನೀರಿಗೆ ಇಳಿದ ಮೇಲೆಯೇ.

ಬಿಗಿತದ ಸ್ಥಾನ

ಚಿಕ್ಕ ಮೋಟಾರುಗಳನ್ನು ಅವುಗಳಿಗೇ ಜೋಡಿಸಿದ ಹಿಡಿಕೆಯಿಂದ ತಿರುಗಿಸಲಾಗುತ್ತದೆ. ದೊಡ್ಡವುಗಳಲ್ಲಿ ಮುಂದೆ ಚಕ್ರವಿದ್ದು, ಅಲ್ಲಿಂದ ಉಕ್ಕಿನ ಕೇಬಲ್ ಹಿಂದಕ್ಕೆ ಬರುತ್ತದೆ. ಕೇಬಲಿನ ತುದಿಯ ಸರಳು ಟಿಲ್ಟ್ ಟ್ಯೂಬ್ ಎಂಬ ಅಡ್ಡ ಕೊಳವೆಯ ಮೂಲಕ ಹಾದು, ಒಂದು ಕೊಂಡಿಯಿಂದ ಮೋಟಾರಿಗೆ ಸೇರುತ್ತದೆ. ಮೋಟಾರನ್ನು ನೀರಿನಿಂದ ಮೇಲೆತ್ತುವಾಗ ಅದು ಬಾಗುವುದು ಇದೇ ಕೊಳವೆಯ ಸುತ್ತ. ಎಡಬಲಕ್ಕೆ ಹೊರಳುವುದು ಮಾತ್ರ ಬೇರೊಂದು ನೆಟ್ಟನೆಯ ತಿರುಗುಕಂಬದ ಮೇಲೆ.

ಬಿಗಿತ ಎಲ್ಲಿದೆಯೆಂದು ತಿಳಿಯಲು ಎಂಜಿನ್ ನಿಲ್ಲಿಸಿ, ಕೊಂಡಿಯನ್ನು ಬಿಚ್ಚಿ, ಮೋಟಾರನ್ನು ಕೈಯಿಂದ ಹೊರಳಿಸಬೇಕು. ಅದು ಸಲೀಸಾಗಿ ಹೊರಳಿದರೆ ದೋಷ ಕೇಬಲ್, ಟಿಲ್ಟ್ ಟ್ಯೂಬ್ ಅಥವಾ ಚಕ್ರದ ಹಿಂದಿನ ಹಲ್ಲುಗಳಲ್ಲಿದೆ, ಹೊರಳದಿದ್ದರೆ ತಿರುಗುಕಂಬದಲ್ಲಿದೆ. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಇದನ್ನು ಬಿಟ್ಟು ಚಕ್ರವನ್ನು ಬಲವಂತವಾಗಿ ತಿರುಗಿಸುವುದರಿಂದ ಹಲ್ಲು ಮುರಿಯಬಹುದು, ಕೇಬಲ್ ಮಡಚಿಕೊಳ್ಳಬಹುದು. ಹಿಡಿಕೆಯ ಮೋಟಾರುಗಳಲ್ಲಿ ಮೊದಲು ನೋಡಬೇಕಾದದ್ದು ಘರ್ಷಣೆಯ ತಿರುಪು. ಯಾರೋ ಅದನ್ನು ಬಿಗಿದಿಟ್ಟಿರುವುದೇ ಎಷ್ಟೋ ವೇಳೆ ಕಾರಣವಾಗಿರುತ್ತದೆ. ದಡದಲ್ಲಿ ಸಲೀಸಾಗಿದ್ದು, ಓಡುವಾಗ ಮಾತ್ರ ಒಂದೇ ಕಡೆಗೆ ಎಳೆದರೆ ಅದು ಬಿಗಿತವಲ್ಲ. ಪ್ರೊಪೆಲ್ಲರಿನ ಮೇಲಿರುವ ಚಿಕ್ಕ ರೆಕ್ಕೆಯ ಕೋನವನ್ನು ಆಗ ಸರಿಪಡಿಸಬೇಕಾಗುತ್ತದೆ.

ಸಡಿಲಿಸುವ ವಿಧಾನ

ಟಿಲ್ಟ್ ಟ್ಯೂಬಿನಲ್ಲಿ ಸಿಕ್ಕಿಕೊಂಡ ಸರಳಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಎರಡೂ ತುದಿಯಿಂದ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಲಾಗುತ್ತದೆ. ಮರುದಿನ ಕೊಳವೆಯ ತುದಿಯ ದೊಡ್ಡ ನಟ್ಟನ್ನು ಬಿಚ್ಚಿ, ಸರಳನ್ನು ಸ್ವಲ್ಪ ಸ್ವಲ್ಪವಾಗಿ ಹಿಂದುಮುಂದಕ್ಕೆ ಆಡಿಸುತ್ತ ಹೊರತೆಗೆಯಬೇಕು. ಬಡಿಯಲೇಬೇಕಾದರೆ ಮರದ ತುಂಡನ್ನು ನಡುವೆ ಇಟ್ಟು ಬಡಿಯುವುದು ಸರಿ, ಇಲ್ಲದಿದ್ದರೆ ಸರಳಿನ ತುದಿ ಅಗಲವಾಗಿ ಕೊಳವೆಯಿಂದ ಹೊರಬರುವುದೇ ಇಲ್ಲ. ಪೆಟ್ರೋಲ್ ಆವಿ ಇರುವ ಜಾಗವಾದುದರಿಂದ ಬೆಂಕಿಯಿಂದ ಕಾಯಿಸುವುದು ಅಪಾಯಕರ. ಬಳಿಕ ಕೊಳವೆಯ ಒಳಗನ್ನು ದುಂಡು ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ನೀರಿಗೆ ಕರಗದ ಮೆರೈನ್ ಗ್ರೀಸ್ ಸವರಬೇಕು.

ತಿರುಗುಕಂಬವನ್ನು ಸಾಮಾನ್ಯವಾಗಿ ಬಿಚ್ಚಬೇಕಾಗುವುದಿಲ್ಲ. ಅದರ ಬದಿಯ ನಿಪ್ಪಲ್‌ಗಳಿಗೆ ಗ್ರೀಸ್ ಗನ್ ಹಿಡಿದು, ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಒತ್ತುತ್ತ, ನಡುನಡುವೆ ಮೋಟಾರನ್ನು ಎರಡೂ ಬದಿಗೆ ಹೊರಳಿಸಲಾಗುತ್ತದೆ. ನಿಪ್ಪಲ್ ಕಟ್ಟಿಕೊಂಡಿದ್ದರೆ ಅದನ್ನು ಕಳಚಿ ರಂಧ್ರ ಬಿಡಿಸಬೇಕು. ಟಿಲ್ಟ್ ಟ್ಯೂಬಿಗೂ ನಿಪ್ಪಲ್ ಇದ್ದಲ್ಲಿ ಒಂದು ಎಚ್ಚರಿಕೆ ಅಗತ್ಯ: ಸರಳು ಪೂರ್ತಿ ಒಳಗೆ ಸರಿದಿರುವಾಗ ಮಾತ್ರ ಗ್ರೀಸ್ ತುಂಬಬೇಕು. ಸರಳು ಹೊರಚಾಚಿರುವಾಗ ತುಂಬಿದರೆ ಗ್ರೀಸ್ ಅದರ ದಾರಿಗೆ ಅಡ್ಡವಾಗಿ ನಿಂತು, ಸರಳು ಹಿಂದಿರುಗದೆ ಸ್ಟೀರಿಂಗ್ ಸಂಪೂರ್ಣ ಸ್ತಂಭಿಸಬಹುದು.

ಕೊಂಡಿಯನ್ನೂ ಕೊಳವೆಯಿಂದ ಹೊರತೆಗೆದ ಸರಳನ್ನೂ ಮರುಜೋಡಿಸುವ ಮೊದಲು ಚಕ್ರ ತಿರುಗಿಸಿ ನೋಡಬೇಕು. ಆಗಲೂ ಬಿಗಿತವಿದ್ದರೆ ಕೇಬಲನ್ನು ಚಕ್ರದ ತುದಿಯಲ್ಲಿಯೂ ಬಿಡಿಸಿ, ಚಕ್ರವನ್ನಷ್ಟೇ ಪರೀಕ್ಷಿಸಬೇಕು. ಬಿಗಿತ ಕೇಬಲಿನದೇ ಆದರೆ ದುರಸ್ತಿಗೆ ಹೋಗದೆ ಅದನ್ನು ಬದಲಾಯಿಸುವುದೇ ಉಚಿತ. ಹೊದಿಕೆಯೊಳಗೆ ಎಣ್ಣೆ ಬಿಡುವ ರೂಢಿ ಕೆಲವೆಡೆ ಇದೆಯಾದರೂ ಒಳಗಿನ ಎಳೆಗಳು ತುಕ್ಕು ಹಿಡಿದಿದ್ದರೆ ಅದರಿಂದ ಕೆಲವು ದಿನಗಳ ಸಮಾಧಾನವಷ್ಟೇ ದೊರೆಯುತ್ತದೆ. ಕೊಂಡಿಯ ನೈಲಾನ್ ಉಂಗುರವುಳ್ಳ ಲಾಕ್ ನಟ್ಟುಗಳನ್ನು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಬಳಸದೆ ಹೊಸದನ್ನು ಹಾಕಬೇಕು. ಸಾಧಾರಣ ನಟ್ಟು ಎಂಜಿನಿನ ನಡುಕಕ್ಕೆ ಸಡಿಲಗೊಂಡು ಕಳಚಿದರೆ ದೋಣಿಯನ್ನು ತಿರುಗಿಸುವ ಉಪಾಯವೇ ಉಳಿಯದು.

ನಿರ್ವಹಣೆ

ನೂರು ಗಂಟೆ ಓಡಿದಾಗ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಗ್ರೀಸ್ ಹಾಕುವುದು ವಾಡಿಕೆ. ಹೆಚ್ಚು ಕಾಲ ನಿಲ್ಲಿಸುವ ಮೋಟಾರನ್ನು ಸರಳು ಕೊಳವೆಯೊಳಗೆ ಇರುವಂತೆ ಹೊರಳಿಸಿ ಇಡುವುದು ಒಳ್ಳೆಯದು. ಆಗ ಮಲೆನಾಡಿನ ಮಳೆಗೆ ಅದು ತೆರೆದುಕೊಳ್ಳುವುದಿಲ್ಲ. ತುಂಗಾ, ಭದ್ರಾ ನದಿಗಳ ನೀರನ್ನು ಕುಡಿಯಲು ಬಳಸುವುದರಿಂದ ಎಣ್ಣೆ, ಗ್ರೀಸಿನ ಕೆಲಸವನ್ನು ದೋಣಿಯನ್ನು ದಡಕ್ಕೆ ಎಳೆದು ಮಾಡಿ, ತೆಗೆದ ಹಳೆಯ ಗ್ರೀಸನ್ನು ಡಬ್ಬದಲ್ಲಿ ಸಂಗ್ರಹಿಸಬೇಕು.