ಅದಿರು ಮುಗಿದ ಮೇಲೆ ಬಿಸಿಲಿಗೇನು ಕೆಲಸ?

ದೂರದ ಗಣಿಗೆ ಕರೆಂಟ್ ತಂದ ಕಥೆಯನ್ನು ನಾವು ಕೋಲಾರದಿಂದಲೇ ಶುರು ಮಾಡಬೇಕು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ಲೈನ್ ಎಳೆದು ಕೆಜಿಎಫ್‌ಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಆಮೇಲೆ, 1905ರಲ್ಲಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಅಷ್ಟರಲ್ಲಿ ಆ ವಿದ್ಯುತ್ತಿಗೆ ಊರೂರಲ್ಲಿ ಬಳಕೆದಾರರಿದ್ದರು. ಹಾಗಾಗಿ ಗಣಿಗೆಂದು ಹಾಕಿದ ಬಂಡವಾಳ ಗಣಿಯ ಜೊತೆ ಹೂತುಹೋಗಲಿಲ್ಲ.

ಎಲ್ಲ ಗಣಿಗೂ ಇಂಥ ಯೋಗ ಇರುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಡಿಗ್ರುಸಾ ತಾಮ್ರದ ಗಣಿ ಪರ್ತ್ ನಗರದಿಂದ ಸುಮಾರು 900 ಕಿಲೋಮೀಟರ್ ದೂರ. ಕೆಲವೇ ವರ್ಷ ನಡೆಯುವ ಗಣಿಗೆ ಅಷ್ಟುದ್ದ ಲೈನ್ ಎಳೆದರೆ ಲೆಕ್ಕ ಕೂಡಿಬರುವುದಿಲ್ಲ. ಅಲ್ಲಿ ಹಗಲು ರಾತ್ರಿ ಓಡುತ್ತಿದ್ದದ್ದು ಡೀಸೆಲ್ ಜನರೇಟರ್. ಡೀಸೆಲ್ಲೂ ರಸ್ತೆಯಲ್ಲೇ ಬರಬೇಕು.

ಡೀಸೆಲ್ ಜೊತೆ ಸೋಲಾರ್ ಕೂಡಿಸುವ ಪ್ರಯೋಗ ಅಷ್ಟರಲ್ಲಾಗಲೇ ನಡೆದಿತ್ತು. ದಕ್ಷಿಣ ಆಫ್ರಿಕಾದ ಥಾಬಾಜಿಂಬಿಯ ಕ್ರೋಮ್ ಗಣಿಯೊಂದು 2012ರಲ್ಲಿ 1 ಮೆಗಾವ್ಯಾಟ್ ಸೋಲಾರ್ ಹಾಕಿಕೊಂಡಿತ್ತು. ಡಿಗ್ರುಸಾ 2016ರಲ್ಲಿ ಅದನ್ನು ಹತ್ತು ಪಟ್ಟು ಹಿಗ್ಗಿಸಿತು. 34,080 ಪ್ಯಾನೆಲ್, 10.6 ಮೆಗಾವ್ಯಾಟ್, ಜೊತೆಗೆ 6 ಮೆಗಾವ್ಯಾಟ್ ಬ್ಯಾಟರಿ. ವರ್ಷಕ್ಕೆ ಸುಮಾರು 50 ಲಕ್ಷ ಲೀಟರ್ ಡೀಸೆಲ್ ಉಳಿಸುವ ಲೆಕ್ಕಾಚಾರ.

ಬ್ಯಾಟರಿ ಎಂದಕೂಡಲೇ ರಾತ್ರಿಗೆಂದು ಕೂಡಿಟ್ಟ ಬಿಸಿಲು ಎಂದುಕೊಳ್ಳುತ್ತೇವೆ. ಇಲ್ಲಿ ಹಾಗಲ್ಲ. ಅದರಲ್ಲಿ ಹಿಡಿಯುತ್ತಿದ್ದದ್ದು 1.8 ಮೆಗಾವ್ಯಾಟ್-ಗಂಟೆ ಮಾತ್ರ. ಪೂರ್ತಿ ಜೋರಿನಲ್ಲಿ ಹರಿಸಿದರೆ 18 ನಿಮಿಷಕ್ಕೆ ಖಾಲಿ. ಅದರ ಕೆಲಸವೇ ಬೇರೆ. ಮೋಡ ಅಡ್ಡ ಬಂದರೆ ಪ್ಯಾನೆಲ್‌ಗಳ ಉತ್ಪಾದನೆ ದಿಢೀರನೆ ಕುಸಿಯುತ್ತದೆ. ಜನರೇಟರ್ ಆ ಭಾರ ಎತ್ತಿಕೊಳ್ಳುವವರೆಗೆ ಬ್ಯಾಟರಿ ನಡುವೆ ಆಸರೆಯಾಗಬೇಕು. ಕರೆಂಟ್ ಕೈಕೊಟ್ಟರೆ ಗಿರಣಿ ನಿಲ್ಲುತ್ತದೆ, ಸುರಂಗಕ್ಕೆ ಗಾಳಿ ಊದುವ ಫ್ಯಾನೂ ನಿಲ್ಲುತ್ತದೆ. ಅದಕ್ಕೇ 19 ಮೆಗಾವ್ಯಾಟ್ ಡೀಸೆಲ್ ಸ್ಥಾವರವನ್ನು ತೆಗೆದುಹಾಕದೆ ಉಳಿಸಿಕೊಂಡರು. ಹೈಬ್ರಿಡ್ ಅಂದರೆ ಇದೇ.

ಆದರೆ ನಿಜವಾದ ಪೇಚು ಮೋಡದ್ದಲ್ಲ, ಆಯಸ್ಸಿನದು. ಡೀಸೆಲ್‌ಗೆ ಉರಿಸಿದಷ್ಟಕ್ಕೇ ದುಡ್ಡು. ಸೋಲಾರ್‌ಗೆ ದುಡ್ಡೆಲ್ಲ ಮೊದಲೇ ಹಾಕಬೇಕು. ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳುತ್ತದೆ, ಅದಿರು ಅಷ್ಟು ವರ್ಷ ಸಿಗಬೇಕಲ್ಲ? ಡಿಗ್ರುಸಾದಲ್ಲಿ ಈ ಅಪಾಯದ ಒಂದು ಪಾಲನ್ನು ಹೊತ್ತದ್ದು ಸರ್ಕಾರ. ಅಲ್ಲಿನ ನವೀಕರಿಸಬಹುದಾದ ಇಂಧನ ಸಂಸ್ಥೆ 2 ಕೋಟಿ 9 ಲಕ್ಷ ಆಸ್ಟ್ರೇಲಿಯನ್ ಡಾಲರ್‌ವರೆಗೆ ನೆರವು ಒಪ್ಪಿಕೊಂಡಿತ್ತು. ಪ್ಯಾನೆಲ್ ಬಂದು ಆರು ವರ್ಷಕ್ಕೆ, 2022ರಲ್ಲಿ, ಗಣಿ ಅಗೆಯುವುದು ನಿಂತಿತು. ಬಿಸಿಲೇನೋ ಇತ್ತು, ಆದರೆ ಕರೆಂಟ್ ಕೊಳ್ಳಲು ಪಕ್ಕದಲ್ಲಿ ಬೆಂಗಳೂರಿರಲಿಲ್ಲ.

ಇದರಿಂದ ಹೈಬ್ರಿಡ್ ಸೋತಿತು ಎಂದು ನಾವು ಹೇಳುತ್ತಿಲ್ಲ. 2020ರಲ್ಲಿ ಅದೇ ರಾಜ್ಯದ ಆಗ್ನ್ಯೂ ಚಿನ್ನದ ಗಣಿ ಸೋಲಾರ್ ಜೊತೆ 18 ಮೆಗಾವ್ಯಾಟ್ ಗಾಳಿ ವಿದ್ಯುತ್ತನ್ನೂ ಸೇರಿಸಿಕೊಂಡು, ಬಿಸಿಲಿಲ್ಲದ ಹೊತ್ತಿಗೂ ದಾರಿ ಹುಡುಕಿತು. ತಂತ್ರಜ್ಞಾನ ಗೆದ್ದಿದೆ. ಗೆಲ್ಲಬೇಕಾದದ್ದು ಒಪ್ಪಂದದ ಕಾಗದ.

ಹೊಸ ಸ್ಥಾವರದ ಸುದ್ದಿಯಲ್ಲಿ ನಾವು ವರದಿಗಾರರು ಮೆಗಾವ್ಯಾಟ್ ಎಷ್ಟು ಎಂದು ತಪ್ಪದೆ ಬರೆಯುತ್ತೇವೆ. ಅದಿರು ಎಷ್ಟು ವರ್ಷಕ್ಕಿದೆ, ಆಮೇಲೆ ಪ್ಯಾನೆಲ್ ಯಾರ ಪಾಲು, ಬಿಚ್ಚಿ ಸಾಗಿಸುವ ಖರ್ಚು ಯಾರದ್ದು ಎಂಬುದನ್ನೂ ಮೊದಲ ದಿನವೇ ಕೇಳೋಣ.