ವಿಜಯನಗರ–ಪೋರ್ಚುಗೀಸ್ ಸಂಬಂಧ: ಕುದುರೆ ವ್ಯಾಪಾರದ ನೆಲೆ

ವಿಜಯನಗರ ಮತ್ತು ಪೋರ್ಚುಗೀಸರ ಸಂಬಂಧವನ್ನು ಎರಡು ಪ್ರಬಲ ಶಕ್ತಿಗಳ ಸ್ನೇಹವೆಂದು ವರ್ಣಿಸುವುದು ವಾಡಿಕೆಯಾಗಿದೆ. 1505ರಲ್ಲಿ ವಿಜಯನಗರದ ರಾಯಭಾರಿ ಕಣ್ಣಾನೂರಿನಲ್ಲಿ ವೈಸರಾಯ್ ಅಲ್ಮೇಡನನ್ನು ಕಂಡಂದಿನಿಂದ 1565ರ ರಕ್ಕಸತಂಗಡಿ ಯುದ್ಧದವರೆಗೆ ಈ ಸಂಬಂಧ ಏಳುಬೀಳುಗಳೊಡನೆ ಮುಂದುವರಿಯಿತು. ಅದಕ್ಕೆ ಆಧಾರವಾಗಿದ್ದುದು ಹೊರ್ಮುಜಿನಿಂದ ಹಡಗೇರಿ ಬರುತ್ತಿದ್ದ ಕುದುರೆ.

ಕುದುರೆಯ ಬೇಡಿಕೆ ಪೋರ್ಚುಗೀಸರಿಗಿಂತ ಹಳೆಯದು. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯಲ್ಲಿ ಕುದುರೆಗಳ ಸಾಲು ಸಾಲು ಕೆತ್ತನೆಗಳಿವೆ. ಸಮುದ್ರಮಾರ್ಗದಲ್ಲಿ ಸತ್ತ ಕುದುರೆಗಳ ಬಾಲವನ್ನು ತಂದು ತೋರಿಸಿದರೂ ಸಾಳುವ ನರಸಿಂಹನು ಪೂರ್ಣ ಬೆಲೆ ಕೊಡುತ್ತಿದ್ದನೆಂದು ನೂನಿಜ್ ಬರೆದಿದ್ದಾನೆ. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಅವನ ಈ ಮಾತು, ನಷ್ಟದ ಭಯದಿಂದ ವರ್ತಕರು ಹಿಂಜರಿಯದಂತೆ ಪ್ರಭುತ್ವವೇ ಹೊಣೆ ಹೊರುತ್ತಿದ್ದುದನ್ನು ಸೂಚಿಸುತ್ತದೆ.

1510ರಲ್ಲಿ ಅಲ್ಬುಕರ್ಕನು ಫ್ರಾನ್ಸಿಸ್ಕನ್ ಪಾದ್ರಿ ಲೂಯಿಸ್‌ನನ್ನು ವಿಜಯನಗರಕ್ಕೆ ಕಳುಹಿಸಿದನು. ಕಲ್ಲಿಕೋಟೆಯ ವಿರುದ್ಧ ನೆರವು, ಭಟ್ಕಳ–ಮಂಗಳೂರುಗಳ ನಡುವೆ ಒಂದು ವ್ಯಾಪಾರದ ಕೋಠಿ ಅವನ ಬೇಡಿಕೆಗಳಾಗಿದ್ದವು. ಪ್ರತಿಯಾಗಿ ಕುದುರೆಗಳನ್ನು ವಿಜಯನಗರಕ್ಕೇ ಒದಗಿಸುವ ಆಶ್ವಾಸನೆಯಿತ್ತು. ಅದೇ ವರ್ಷ ಗೋವೆ ಪೋರ್ಚುಗೀಸರ ಕೈಸೇರಿದ ಮೇಲೆ ಚಿತ್ರ ಬದಲಾಯಿತು. 1514ರಲ್ಲಿ ಸಾವಿರ ಕುದುರೆಗಳನ್ನು ತನಗಷ್ಟೇ ಮಾರಬೇಕೆಂದು ಕೃಷ್ಣದೇವರಾಯನು ಭಾರಿ ಮೊತ್ತ ಕೊಡಲು ಮುಂದಾದರೂ ಅಲ್ಬುಕರ್ಕ್ ಒಪ್ಪಲಿಲ್ಲ. ವಿಜಯನಗರ, ಬಿಜಾಪುರಗಳೆರಡೂ ಗೋವೆಯ ಬಾಗಿಲಲ್ಲಿ ನಿಲ್ಲುವುದೇ ಅವನಿಗೆ ಲಾಭಕರವಾಗಿತ್ತು. 1520ರ ರಾಯಚೂರು ಮುತ್ತಿಗೆಯಲ್ಲಿ ರಾಯನಿಗೆ ನೆರವಾದ ಕ್ರಿಸ್ಟೋವಾವೊ ದ ಫಿಗೇರೆದೊ ಕೂಡ ಕುದುರೆಗಳೊಡನೆ ಬಂದಿದ್ದವನೇ ಹೊರತು ಗೋವೆ ಕಳುಹಿಸಿದ ಸೇನಾನಿಯಲ್ಲ.

1547ರ ಸೆಪ್ಟೆಂಬರ್ 19ರ ಒಪ್ಪಂದದಲ್ಲಿ ಈ ಹಿತಾಸಕ್ತಿಗಳು ಲಿಖಿತ ರೂಪ ಪಡೆದವು. ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೆ ಮಾತ್ರ. ವಿಜಯನಗರದ ಉಪ್ಪುಪೆಟ್ಲು, ಕಬ್ಬಿಣಗಳು ಬಿಜಾಪುರಕ್ಕೆ ಹೋಗಕೂಡದು. ಬಟ್ಟೆಯ ವರ್ತಕರು ತಮ್ಮ ಸರಕನ್ನು ಅಂಕೋಲೆ ಅಥವಾ ಹೊನ್ನಾವರಕ್ಕೇ ಒಯ್ಯಬೇಕು. ಒಪ್ಪಂದ ಪ್ರಭುಗಳದ್ದು, ಅದರ ಕಟ್ಟುಪಾಡು ವರ್ತಕರದ್ದು ಎಂಬುದು ಇಲ್ಲಿ ಗಮನಾರ್ಹ. 1548ರಲ್ಲಿಯೇ ಗೋವೆಯ ಹೊಸ ಗವರ್ನರ್ ಬಿಜಾಪುರದೊಡನೆ ಸಂಧಿ ಮಾಡಿಕೊಂಡನು.

ರಕ್ಕಸತಂಗಡಿಯ ಸೋಲಿನಿಂದ ಗೋವೆಯ ಕುದುರೆ ವ್ಯಾಪಾರಕ್ಕೂ ಸುಂಕದ ಆದಾಯಕ್ಕೂ ಬಿದ್ದ ಪೆಟ್ಟನ್ನು ಪೋರ್ಚುಗೀಸ್ ಚರಿತ್ರೆಕಾರ ಕೌಟೋ ದಾಖಲಿಸಿದ್ದಾನೆ. ಕೊಳ್ಳುವ ರಾಜಧಾನಿಯೇ ಹಾಳಾದಾಗ ಮಾರುವ ಬಂದರೂ ಸೊರಗಿತು. ಸ್ನೇಹವೆಂದು ಕರೆಯಲಾದ ಈ ಸಂಬಂಧದ ಸ್ವರೂಪವನ್ನು ಅರಿಯಲು ಒಪ್ಪಂದದ ಒಕ್ಕಣೆಯಷ್ಟೇ ಸಾಲದು; ಬಂದರು, ಪೇಟೆ, ಲಾಯಗಳ ಚರಿತ್ರೆಯನ್ನೂ ಅದರೊಡನೆ ಓದಬೇಕಾಗುತ್ತದೆ.