ಒಂದೇ ವಾಲ್ವ್, ಬೇರೆ ಬೇರೆ ವಾಟ್

ಹಳೆಯ ವಾಲ್ವ್ ಆಂಪ್ಲಿಫೈಯರ್‌ಗಳಿಗೆ ಈಗ ಮತ್ತೆ ಬೆಲೆ ಬಂದಿದೆ. ಗಿಟಾರ್ ನುಡಿಸುವ ಹುಡುಗರು ಅವನ್ನು ಹುಡುಕಿಕೊಂಡು ಬಂದು, ಒಳಗಿರುವ ವಾಲ್ವ್ ಎಣಿಸಿ ಇಷ್ಟು ವಾಟ್ ಎಂದು ತೀರ್ಮಾನಿಸುತ್ತಾರೆ. ಈ ಲೆಕ್ಕ ತಪ್ಪು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಯಕ್ಷಗಾನಕ್ಕೆ ಮೈಕ್ ಸೆಟ್ ಕಟ್ಟಿ ಬೆಳಗು ಮಾಡಿದವರನ್ನು ಕೇಳಿದ್ದರೆ ಈ ಭ್ರಮೆ ಬೆಳೆಯುತ್ತಿರಲಿಲ್ಲ.

ಗ್ಯಾಸ್‌ಲೈಟಿನ ಬಯಲಾಟದಲ್ಲಿ ಪದ ಹಾಡುವ ಭಾಗವತರ ಕಂಠವೇ ಧ್ವನಿವರ್ಧಕವಾಗಿತ್ತು. ಟೆಂಟ್ ಮೇಳಗಳು ಬಂದ ಮೇಲೆ ಹಿಂದಿನ ಸಾಲಿನ ಟಿಕೆಟ್ ಕೊಂಡವರಿಗೂ ಪದ ಕೇಳಬೇಕಾಯಿತು. ಅದಕ್ಕೆ ಬೇಕಾದ ಆಂಪ್ಲಿಫೈಯರ್ ಹೊರಗೆ ಆಗಲೇ ರೂಪುಗೊಳ್ಳುತ್ತಿತ್ತು. ಅಮೆರಿಕದ ಆರ್‌ಸಿಎ 1936ರಲ್ಲಿ 6ಎಲ್6 ವಾಲ್ವ್ ತಂದಿತು. ಮುಂದೆ ಫೆಂಡರ್ ಕಂಪನಿ ಅದನ್ನು ಗಿಟಾರ್ ಆಂಪ್ಲಿಫೈಯರಿಗೆ ಬಳಸಿತು. ಮೈಕ್ ಸೆಟ್ ತಯಾರಿಸುವ ದಿಲ್ಲಿಯ ಅಹುಜಾ ಕಂಪನಿ 1940ರಲ್ಲಿ ಹುಟ್ಟಿತು. ಬೆಂಗಳೂರಿನ ಬಿಇಎಲ್ 1960ರ ದಶಕದಲ್ಲಿ ರೇಡಿಯೊ ವಾಲ್ವ್ ತಯಾರಿಸತೊಡಗಿತು.

ವಾಲ್ವ್ ಎಣಿಸುವವರಿಗೆ ಫೆಂಡರ್‌ನಲ್ಲೇ ಉತ್ತರವಿದೆ. ಅದರ ಚಾಂಪ್ ಮಾದರಿಯಲ್ಲಿರುವುದು ಒಂದೇ 6ವಿ6 ವಾಲ್ವ್, ಶಕ್ತಿ ಸುಮಾರು 5 ವಾಟ್. ಡಿಲಕ್ಸ್ ರಿವರ್ಬ್ ಮಾದರಿಯಲ್ಲಿ ಅಂಥವೇ ಎರಡು, ಶಕ್ತಿ 22 ವಾಟ್. ಚಾಂಪ್‌ನ ಒಂಟಿ ವಾಲ್ವ್ ಸದ್ದಿಲ್ಲದಾಗಲೂ ಪೂರ್ತಿ ಕರೆಂಟ್ ಎಳೆಯುತ್ತ ಬಿಸಿಯಾಗಿ ಕೂತಿರುತ್ತದೆ. ಡಿಲಕ್ಸ್‌ನ ಜೋಡಿ ಅಲೆಯ ಒಂದೊಂದು ಅರ್ಧವನ್ನು ಹಂಚಿಕೊಳ್ಳುತ್ತದೆ, ನಡುವೆ ತಣಿಯುತ್ತದೆ. ಹೀಗಾಗಿ ಆ ಜೋಡಿಗೆ ಹೆಚ್ಚು ವೋಲ್ಟೇಜ್ ಕೊಡಬಹುದು.

ಇಎಲ್34 ಎಂಬ ಇನ್ನೊಂದು ವಾಲ್ವಿನ ಕಥೆ ಇನ್ನೂ ಸ್ಪಷ್ಟ. ಇದರ ಒಂದು ಜೋಡಿ 375 ವೋಲ್ಟಿನಲ್ಲಿ ಸುಮಾರು 35 ವಾಟ್ ಕೊಡುತ್ತದೆ. ಅದೇ ಜೋಡಿಗೆ 800 ವೋಲ್ಟ್ ಕೊಟ್ಟು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಲೋಡನ್ನು 3.4 ಕಿಲೋಓಮಿನಿಂದ 11ಕ್ಕೆ ಏರಿಸಿದರೆ 100 ವಾಟ್ ಬರುತ್ತದೆಂದು ತಯಾರಕರ ಪಟ್ಟಿಯೇ ಹೇಳುತ್ತದೆ. ಗಿಟಾರ್ ಆಂಪ್ಲಿಫೈಯರ್ ತಯಾರಿಸುವ ಮಾರ್ಷಲ್ ಇವೆರಡರ ನಡುವೆ ನಿಂತು ಎರಡು ವಾಲ್ವಿನಿಂದ 50 ವಾಟ್ ತೆಗೆಯಿತು.

ನಮ್ಮೂರಿನ ಮೆಕ್ಯಾನಿಕ್‌ಗಳು ಇದನ್ನು ಕೈಯಲ್ಲೇ ಕಲಿತರು. ಸೆಟ್ ಬಿಚ್ಚಿದರೆ ಅವರ ಕಣ್ಣು ಹೋಗುತ್ತಿದ್ದುದು ಗಾಜಿನ ವಾಲ್ವಿಗಲ್ಲ, ಕಬ್ಬಿಣದ ಟ್ರಾನ್ಸ್‌ಫಾರ್ಮರ್‌ಗೆ. ಕಬ್ಬಿಣ ಕಡಿಮೆಯಾದರೆ ತಗ್ಗು ಸ್ವರದಲ್ಲಿ ಮೊದಲೇ ಉಸಿರು ಕಟ್ಟುತ್ತದೆ. ಮದ್ದಳೆಯ ಪೆಟ್ಟು ಬಿದ್ದಾಗ ಭಾಗವತರ ಪದ ಒಡೆಯುತ್ತದೆ. ಲೋಡ್ ಹೊಂದದಿದ್ದರೆ ಪ್ಲೇಟ್ ಕೆಂಪಗೆ ಕಾಯುತ್ತದೆ. ಸಂಜೆ ಲೈನಿನ 230 ವೋಲ್ಟ್ 180ಕ್ಕೆ ಇಳಿದರೆ ಒಳಗಿನ ವೋಲ್ಟೇಜೂ ಇಳಿಯುತ್ತದೆ. ಶಕ್ತಿ ಅದರ ವರ್ಗದ ಪ್ರಮಾಣದಲ್ಲಿ ಕುಸಿದು ಶೇ. 60ರ ಆಸುಪಾಸಿಗೆ ಬರುತ್ತದೆ; ಫಿಲಮೆಂಟ್ ತಣ್ಣಗಾದರೆ ಇನ್ನೂ ಕಡಿಮೆ. ನಾಮಫಲಕದಲ್ಲಿ 30 ವಾಟ್ ಎಂದಿದ್ದರೂ ವೇಷ ಕಟ್ಟುವ ಚೌಕಿಯ ಪಕ್ಕದಲ್ಲಿ ಅದು 30 ಅಲ್ಲ.

ಆ 30 ಎಂಬ ಅಂಕೆಯೂ ಗಿಟಾರಿಗೆ ಒಂದು, ಮಾತಿಗೆ ಇನ್ನೊಂದು. ಮೈಕ್ ಸೆಟ್‌ನವರು ಅಳೆಯುವುದು ಸ್ವರ ಒಡೆಯುವ ಮುಂಚಿನ ಶಕ್ತಿಯನ್ನು. ಗಿಟಾರಿನವರಿಗೆ ಆ ಒಡಕೇ ಬೇಕು. ಅಲೆ ಪೂರ್ತಿ ಚೌಕವಾದರೆ ಶಕ್ತಿ ಲೆಕ್ಕದಲ್ಲಿ ಎರಡು ಪಟ್ಟಿನವರೆಗೆ ಹೋಗುತ್ತದೆ. ವಾಲ್ವ್ ವಾಟ್ ಟ್ರಾನ್ಸಿಸ್ಟರ್ ವಾಟಿಗಿಂತ ದೊಡ್ಡದೆಂಬ ಮಾತಿನ ಹಿಂದೆ ಇರುವುದು ಬಹುಪಾಲು ಇದೇ. ಅಲ್ಲದೆ ಶಕ್ತಿ ಇಮ್ಮಡಿಯಾದರೆ ಏರುವುದು 3 ಡೆಸಿಬಲ್ ಮಾತ್ರ. ಬಯಲು ತುಂಬಿಸಿದ್ದು ವಾಟ್‌ಗಿಂತ ಹೆಚ್ಚಾಗಿ ತೆಂಗಿನ ಮರಕ್ಕೆ ಕಟ್ಟಿದ ಹಾರ್ನ್.

ಟ್ರಾನ್ಸಿಸ್ಟರ್ ಸೆಟ್ ಬಂದು 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯತೊಡಗಿದಾಗ ವಾಲ್ವ್ ಸೆಟ್ ಅಟ್ಟ ಸೇರಿತು. ಭಾಗವತ ಕಾಳಿಂಗ ನಾವಡರ (1958–1990) ಪದಗಳ ಕ್ಯಾಸೆಟ್‌ಗಳನ್ನು ಜನ ಜೋಪಾನ ಮಾಡಿದರು. ಆದರೆ ಭಾಗವತರ ದನಿಯನ್ನು ಟೆಂಟಿನ ಕೊನೆಯವರೆಗೆ ಮುಟ್ಟಿಸಿದ ಮೈಕಿನವರಿಗೆ ಯಕ್ಷಗಾನದ ಬರಹಗಳಲ್ಲಿ ಸಿಕ್ಕ ಜಾಗ ತೀರ ಕಡಿಮೆ. ಅವರ ಅಟ್ಟದ ಸೆಟ್‌ಗಳು ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತಿವೆ. ಮನೆಯಲ್ಲಿ ಅಂಥ ಸೆಟ್ ಇದ್ದವರು ಮಾರುವ ಮೊದಲು ಟ್ರಾನ್ಸ್‌ಫಾರ್ಮರ್ ಮೇಲಿನ ಅಂಕೆಗಳನ್ನಾದರೂ ಬರೆದಿಡಿ. ಆ ಟ್ರಾನ್ಸ್‌ಫಾರ್ಮರ್ ಸುತ್ತಿದವರು ಬದುಕಿದ್ದರೆ ಅವರನ್ನು ಈಗಲೇ ಹೋಗಿ ಮಾತಾಡಿಸಿ.